ಸಮುರಾಯಿಯ ಒಂದು ಹೂಂ

ಡಬ್ಬಿಂಗ್ ಅಂದರೆ ಬೇರೆಯವರ ಬಾಯಿಗೆ ನಮ್ಮ ಮಾತು ತುರುಕುವ ಕೆಲಸ. ತೆರೆಯ ಮೇಲೆ ಅವರ ತುಟಿ ಮುಚ್ಚುವ ಹೊತ್ತಿಗೆ ಇಲ್ಲಿ ನಮ್ಮ ಕಲಾವಿದನ ಮಾತೂ ಮುಗಿಯಬೇಕು. ಮುಗಿಯದಿದ್ದರೆ ಗಾಜಿನ ಈಚೆ ಕೂತಿರುವ ನಾನು ಕಿರುಚುತ್ತೇನೆ. ಈ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಸುವವಳು ನಾನೇ. ನನ್ನ ಬಾಯಿಗೆ ಹೆದರಿ ಎಂತೆಂಥ ಹೀರೋಗಳು ನೆಟ್ಟಗಾಗಿದ್ದಾರೆ. ನನ್ನ ಬೆನ್ನ ಹಿಂದೆ ನನಗೊಂದು ಅಡ್ಡಹೆಸರು ಇದೆಯಂತೆ. ಇರಲಿ ಬಿಡಿ, ಅದನ್ನು ಎದುರಿಗೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ನನ್ನ ಗಂಡನಿಗೂ ಒಂದು ಅಡ್ಡಹೆಸರಿದೆ. ಅದನ್ನು ಮಾತ್ರ ಎಲ್ಲರೂ ಎದುರಿಗೇ ಕರೆಯುತ್ತಾರೆ: ಗುಡುಗು. ಪರಭಾಷೆಯ ಯಾವ ಗಟ್ಟಿ ಹೀರೋ ಬಂದರೂ, ಅವನು ಪೊಲೀಸನಾಗಿರಲಿ, ಕಡಲುಗಳ್ಳನಾಗಿರಲಿ, ನಮ್ಮ ಭಾಷೆಯಲ್ಲಿ ಅವನ ದನಿ ನಮ್ಮವರದೇ. ಮನೆಯಲ್ಲೂ ಅದೇ ದನಿ. ಬಚ್ಚಲಿನಿಂದ "ಟವೆಲ್ ಎಲ್ಲೇ?" ಅಂತ ಒಂದು ಕೂಗು ಹಾಕಿದರೆ ಪಕ್ಕದ ಮನೆಯವರು ಎದ್ದು ತಮ್ಮ ಟವೆಲ್ ಹುಡುಕುತ್ತಿದ್ದರು. ನಾವಿಬ್ಬರೂ ಜಗಳಕ್ಕೆ ಕೂತೆವೆಂದರೆ ಬೀದಿಯವರು ಟಿ.ವಿ. ಆರಿಸುತ್ತಿದ್ದರು. ಅವರೊಂದು ಅಂದರೆ ನಾನು ಎರಡು ಅನ್ನುತ್ತಿದ್ದೆ, ಬಾಕಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ.

ಆ ದನಿ ಒರಟಾಗತೊಡಗಿತು. ಮೊದಲು ನೆಗಡಿ ಅಂದುಕೊಂಡೆವು, ಆಮೇಲೆ ವಯಸ್ಸು ಅಂದುಕೊಂಡೆವು. ಕೊನೆಗೆ ನಾನೇ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಕ್ಯಾನ್ಸರ್ ಅಂದರು. ಡಾಕ್ಟರಮ್ಮ ಸುತ್ತಿಬಳಸಿ ಮಾತಾಡುವವರಲ್ಲ. "ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ತೆಗೆದ್ರೆ ಬದುಕ್ತೀರಿ. ಆಮೇಲೆ ಒಂದು ಯಂತ್ರ ಇಟ್ಕೊಂಡು ಅಷ್ಟಿಷ್ಟು ಮಾತಾಡೋದು ಕಲಿಸ್ತೀವಿ. ಆದ್ರೆ ಈ ದನಿ ಇರಲ್ಲ. ತಡ ಮಾಡಿದ್ರೆ ನಾನೂ ಏನೂ ಮಾಡೋಕಾಗಲ್ಲ" ಅಂದರು.

ನಮ್ಮವರು ಒಮ್ಮೆ ಗಂಟಲು ಸರಿಮಾಡಿಕೊಂಡು, ತೆರೆಯ ಮೇಲೆ ಸಾಯುವ ಹೀರೋಗೆ ಕೊಡುವ ದನಿಯಲ್ಲಿ ಹೇಳಿದರು: "ಸಾಯೋಕೆ ನಾನು ಹೆದರೋನಲ್ಲ ಡಾಕ್ಟ್ರೇ. ಗುಡುಗಾಗೇ ಬದುಕಿದ್ದೀನಿ, ಗುಡುಗಾಗೇ ಹೋಗ್ತೀನಿ." ಹೇಳಿದವರೇ ಎದ್ದು ಹೊರಟುಬಿಟ್ಟರು. ನಾನು ಡಾಕ್ಟರಮ್ಮನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅಲ್ಲಿಂದೀಚೆಗೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಿತ್ತು.

ಆ ಬೆಂಕಿಗೆ ತುಪ್ಪ ಹೊಯ್ಯುವುದಕ್ಕೆ ನಮ್ಮ ಭಾವ ಇದ್ದರು, ಇವರ ಅಣ್ಣ. ಸೈಕಲ್ ರಿಪೇರಿ ಅಂಗಡಿ ಅವರದು. ಪಂಕ್ಚರ್ ಹಾಕಿಸಿಕೊಳ್ಳಲು ಬಂದವರಿಗೆಲ್ಲ ತಮ್ಮನ ಆ ಒಂದು ಮಾತನ್ನು ಒಪ್ಪಿಸಿ, "ಸಾವಿಗೇ ಹೆದರಲ್ಲ ನಮ್ಮೋನು, ಹುಲಿ" ಅನ್ನುತ್ತಿದ್ದರು. "ಭಾವ, ಹುಲಿ ಸತ್ತುಹೋದ್ರೆ ನನಗೆ ಅನ್ನ ಹಾಕೋಕೆ ನೀವು ಬರ್ತೀರಾ?" ಅಂತ ಅಂಗಡಿಗೇ ಹೋಗಿ ಕೇಳಿಬಂದೆ. ಅವರು ಟ್ಯೂಬಿಗೆ ಗಾಳಿ ಹೊಡೆಯುತ್ತಲೇ ಇದ್ದರು.

ಹೀಗಿರುವಾಗ ಬಂತು ಜಪಾನಿನ ಸಮುರಾಯಿ ಸಿನಿಮಾ.

ಕಥೆ ಸರಳ. ಒಡೆಯನಿಲ್ಲದ ಒಬ್ಬ ಕತ್ತಿಯವನು ಊರೂರು ಅಲೆಯುತ್ತಾ ಒಂದು ಊರಿಗೆ ಬರುತ್ತಾನೆ. ಅಲ್ಲಿ ವಿಧವೆಯೊಬ್ಬಳ ಸತ್ರದಲ್ಲಿ ಇಳಿದುಕೊಳ್ಳುತ್ತಾನೆ. ಊರನ್ನು ಹಿಂಡುತ್ತಿರುವ ಒಂದು ದಂಡು ಇದೆ. ಕೊನೆಗೊಂದು ಬೆಳಿಗ್ಗೆ ಅವನು ಒಬ್ಬನೇ ಹೊಳೆಯ ಸೇತುವೆಯತ್ತ ಹೋಗುತ್ತಾನೆ, ಅವರೆಲ್ಲ ಆಚೆ ಕಾದಿರುತ್ತಾರೆ. ಇಷ್ಟೇ. ಆದರೆ ಆ ಮನುಷ್ಯನನ್ನು ನೋಡಬೇಕು! ಮಾಸಿದ ಬಟ್ಟೆ, ಕೆದರಿದ ಜುಟ್ಟು, ಬಾಗಿಲಲ್ಲಿ ಸುಮ್ಮನೆ ನಿಂತರೂ ಒಳಗಿದ್ದವರ ಮಾತು ನಿಂತುಹೋಗುತ್ತದೆ. ಕುಡಿಯಲು ನೀರು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ಕತ್ತಿ ತೆಗೆಯುವುದಂತೂ ಬಲು ಅಪರೂಪ. ಸ್ಟುಡಿಯೋದವರೆಲ್ಲ ಅವನಿಗೆ ಸೋತುಹೋಗಿದ್ದೆವು, ಮುಚ್ಚಿಡುವುದೇಕೆ, ನಾನೂ ಸೋತಿದ್ದೆ.

ಅದರ ವಿತರಕ ನಮ್ಮವರಿಗೇ ಫೋನ್ ಮಾಡಿದ. ಈಚೆಯ ಒರಟು ದನಿ ಕೇಳಿ ಅವನಿಗೆ ಖುಷಿಯೋ ಖುಷಿ. "ಏನ್ ಸಾರ್ ಇದು ದನಿ! ಸಮುರಾಯಿಗೆ ಅಂತಾನೇ ಹೊಸದಾಗಿ ಮಾಡ್ಕೊಂಡಿದ್ದೀರಾ?" ಅಂದ. ಪಾಪ, ಅವನಿಗೇನು ಗೊತ್ತು. ನಮ್ಮವರು ಫೋನಿಟ್ಟು ನನಗೆ ಕಡ್ಡಿ ಮುರಿದಂತೆ ಹೇಳಿದರು: "ಇದೇ ಕೊನೇದು. ಇದೊಂದು ಮಾಡಿ ಮುಗಿಸ್ತೀನಿ. ಆಮೇಲೆ ಆಪರೇಷನ್ನು ಗೀಪರೇಷನ್ನು ಅಂತ ನನ್ನ ತಲೆ ತಿನ್ನಬೇಡ."

"ತಲೆ ಇದ್ರೆ ತಾನೇ ತಿನ್ನೋದು" ಅಂದೆ. ಅಂದು, ಒಳಗೆ ಹೋಗಿ ಅತ್ತೆ.

ಡಬ್ಬಿಂಗ್ ದಿನ ಸ್ಟುಡಿಯೋದಲ್ಲಿ ಇದ್ದವರು ಇಷ್ಟು: ಮೈಕಿನ ಮುಂದೆ ನಮ್ಮವರು, ಗಾಜಿನ ಈಚೆ ನಾನು, ನನ್ನ ಪಕ್ಕ ಸೌಂಡ್ ಇಂಜಿನಿಯರ್ ಹುಡುಗಿ, ಹಿಂದಿನ ಸೋಫಾದಲ್ಲಿ ವಿತರಕ ಮತ್ತು ಮಾತು ಬರೆಯುವ ಮೇಷ್ಟ್ರು. ಮೇಷ್ಟ್ರಿಗೆ ಎಲ್ಲರೂ ಪಂಚ್ ಮೇಷ್ಟ್ರು ಅನ್ನುತ್ತಾರೆ. ಹೀರೋ ಮೌನವಾಗಿದ್ದರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ನಮ್ಮ ಕಸುಬಿನಲ್ಲಿ 'ಬೆನ್ಮಾತು' ಅಂತ ಒಂದಿದೆ. ಪಾತ್ರ ಬೆನ್ನು ತಿರುಗಿಸಿತು ಅಂದರೆ ತುಟಿ ಕಾಣುವುದಿಲ್ಲ. ತುಟಿ ಕಾಣದಿದ್ದರೆ ಏನು ಬೇಕಾದರೂ ಹೇಳಿಸಬಹುದು, ಮೂಲದಲ್ಲಿ ಅವನು ತುಟಿಪಿಟಕ್ ಅನ್ನದಿದ್ದರೂ ಪರವಾಗಿಲ್ಲ. ಈ ಸಮುರಾಯಿ ಪುಣ್ಯಾತ್ಮ ಅರ್ಧ ಸಿನಿಮಾ ಬೆನ್ನು ತೋರಿಸಿಕೊಂಡೇ ನಡೆಯುತ್ತಾನೆ. ಮೇಷ್ಟ್ರಿಗೆ ಹಬ್ಬ. ಅವನು ಬೆಟ್ಟ ಇಳಿಯುವಾಗ ಒಂದು ಸವಾಲು, ಮಳೆಯಲ್ಲಿ ನಿಂತಾಗ ಒಂದು ಉಪದೇಶ, ಕುದುರೆ ಅಡ್ಡ ಬಂದಾಗ ಅದರ ಹಿಂದೊಂದು ಬೈಗುಳ. ಹಾಳೆ ಓದಿದರೆ ಕತ್ತಿಯವನಲ್ಲ, ಚುನಾವಣೆಗೆ ನಿಂತವನು ಅನ್ನಬೇಕು.

"ಇಷ್ಟೊಂದು ಯಾಕೆ ಮೇಷ್ಟ್ರೇ?" ಅಂದೆ.

"ಜನಕ್ಕೆ ಡೈಲಾಗ್ ಬೇಕಮ್ಮ. ಗುಡುಗು ಅವರನ್ನ ಹಾಕ್ಕೊಂಡು ಹೀರೋನ ಮೂಗ ಮಾಡೋಕಾಗುತ್ತಾ?" ಅಂದ ವಿತರಕ.

ಮೂಗ ಅನ್ನುವ ಮಾತು ಕೇಳಿ ನಮ್ಮವರು ಗಾಜಿನ ಆಚೆಯಿಂದ ನನ್ನ ಕಡೆ ನೋಡಿದರು. ನಾನು ಹಾಳೆ ತಿರುವಿದೆ.

ಜಗಳ ಶುರುವಾದದ್ದು ಸೇತುವೆಗೆ ಹೋಗುವ ಮುಂಚಿನ ದೃಶ್ಯದಲ್ಲಿ. ಕತ್ತಿಯವನು ಬಾಗಿಲಲ್ಲಿ ಕೂತು ಚಪ್ಪಲಿಯ ದಾರ ಬಿಗಿಯುತ್ತಿದ್ದಾನೆ. ವಿಧವೆ ಹಿಂದೆ ಬಂದು ನಿಂತು ಕೇಳುತ್ತಾಳೆ: "ನಿಮಗೆ ಹೆದರಿಕೆ ಆಗಲ್ವಾ?" ಅವನು ಬಾಯಿ ತೆರೆಯದೆ ಒಂದು ಸದ್ದು ಮಾಡುತ್ತಾನೆ. ಬಾಯಿ ಮುಚ್ಚಿದೆಯಲ್ಲ, ಅದಕ್ಕೆ ಹೊಂದುವುದು ಒಂದೇ. ಮೇಷ್ಟ್ರು "ಹೂಂ" ಅಂತ ಬರೆದಿದ್ದರು. ಆಮೇಲೆ ಅವನು ಎದ್ದು ಬೆನ್ನು ತಿರುಗಿಸಿ ಹೊರಡುತ್ತಾನೆ.

ನಮ್ಮವರು ಮೈಕಿನಲ್ಲಿ ಕೇಳಿದರು: "ಮೇಷ್ಟ್ರೇ, ಈ ಹೂಂ ಅಂದ್ರೆ ಏನು? ಹೆದರಿಕೆ ಆಗುತ್ತೆ ಅಂತಾನಾ, ಆಗಲ್ಲ ಅಂತಾನಾ?"

"ಆಗಲ್ಲ ಅಂತ ಸಾರ್. ಆಗಲ್ವಾ ಅಂತ ಕೇಳಿದ್ಲು. ಹೂಂ, ಆಗಲ್ಲ."

ಸೌಂಡ್ ಹುಡುಗಿ ತಿರುಗಿದಳು. "ಹೆಂಗೆ ಸಾರ್? ಊಟ ಮಾಡಲ್ವಾ ಅಂತ ಯಾರಾದ್ರೂ ಕೇಳಿದಾಗ ಹೂಂ ಅಂದ್ರೆ, ಮಾಡ್ತೀನಿ ಅಂತ ಅಲ್ವಾ?"

"ನಮ್ಮನೇಲಿ ಮಾಡಲ್ಲ ಅಂತ" ಅಂದರು ಮೇಷ್ಟ್ರು.

"ಅದಕ್ಕೇ ಸಾರ್ ನೀವು ಹಿಂಗೆ ಬಡವಾಗಿರೋದು!"

ಎಲ್ಲರೂ ನಕ್ಕೆವು. ಆದರೆ ಸಂಶಯ ಹೋಗಲಿಲ್ಲ. ಮೂಲದ ಹಾಳೆ ತೆಗೆದು ನೋಡಿದೆ, 'ಗಂಟಲಲ್ಲೇ ಸದ್ದು ಮಾಡುತ್ತಾನೆ' ಅಂತಷ್ಟೇ ಇತ್ತು. ಹೌದೋ ಅಲ್ಲವೋ, ಬರೆದವನಿಗೇ ಗೊತ್ತು. ವಿತರಕ ಸೋಫಾದಿಂದ ಎದ್ದು ಬಂದ. "ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ಹೂಂ ಅಂದ್ಬಿಡಿ. ಹೆಂಗೂ ಎದ್ದು ಬೆನ್ನು ತಿರುಗಿಸ್ತಾನಲ್ಲ, ಅಲ್ಲಿ ಮೇಷ್ಟ್ರ ಮಾತು ಹಾಕಿ. ಎಲ್ಲಾ ಸ್ಪಷ್ಟ ಆಗುತ್ತೆ."

ಮೇಷ್ಟ್ರ ಮಾತು ಹೀಗಿತ್ತು: "ಭಯಾನಾ? ನನ್ನ ಹೆಸರು ಕೇಳಿದ್ರೆ ಅದೇ ಗಂಟುಮೂಟೆ ಕಟ್ಕೊಂಡು ಊರು ಬಿಡುತ್ತೆ!"

ನಮ್ಮವರು ಎದೆಯುಬ್ಬಿಸಿ ನಿಂತರು. ಚಿತ್ರ ಓಡಿತು. "ಭಯಾನಾ?" ಅಂದರು, ಅದು ಚೆನ್ನಾಗೇ ಬಂತು. "ನನ್ನ ಹೆಸರು ಕೇಳಿದ್ರೆ" ಅನ್ನುವಲ್ಲಿ ದನಿ ಏರಬೇಕು. ಏರಿತು, ಏರಿದ್ದೇ ಹರಿದ ಬಟ್ಟೆಯಂತೆ ಪರ್ರನೆ ಹರಿದುಹೋಯಿತು. ಕೊನೆಗೆ ಉಳಿದದ್ದು ಕೀಚಲು ಗಾಳಿ. ಇನ್ನೊಮ್ಮೆ ಹೇಳಿದರು, ಮತ್ತೆ ಹಾಗೇ ಆಯಿತು. ಮೂರನೆಯ ಸಲಕ್ಕೆ ಕೆಮ್ಮು ಹಿಡಿದು, ಸ್ಟೂಲಿನ ಮೇಲೆ ಕೂತುಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ನಾನು ಕಿರುಚುತ್ತಿದ್ದೆ. ಮೈಕಿನ ಗುಂಡಿ ಒತ್ತಲು ಹೋದ ಬೆರಳು ಹಾಗೇ ನಿಂತಿತು. ಅಯ್ಯೋ, ನನ್ನ ಗುಡುಗೇ ಅನ್ನಿಸಿತು. ಸೋಫಾದಲ್ಲಿ ಕೂತ ಇಬ್ಬರಿಗೂ ಆಗ ಅರ್ಥವಾಯಿತು, ಇದು ಬೇಕಂತ ಮಾಡಿಕೊಂಡ ದನಿಯಲ್ಲ ಅಂತ.

ಕೆಮ್ಮು ನಿಂತ ಮೇಲೆ ನಮ್ಮವರು ಸೌಂಡ್ ಹುಡುಗಿಗೆ ಹೇಳಿದರು: "ಸದ್ದು ತೆಗೆದು ಬರೀ ಚಿತ್ರ ಹಾಕಮ್ಮ."

ಅವಳು ಹಾಕಿದಳು. ಸದ್ದಿಲ್ಲದೆ ಕತ್ತಿಯವನು ದಾರ ಬಿಗಿದ, ವಿಧವೆ ಏನೋ ಕೇಳಿದಳು, ಅವನು ಎದ್ದ, ಹೋದ. "ಇನ್ನೊಂದ್ಸಲ." ಅವನು ಮತ್ತೆ ಬಿಗಿದ, ಮತ್ತೆ ಹೋದ. ಎಷ್ಟು ಸಲ ಹಾಕಿಸಿದರೋ, ನಮಗೆ ಕಣ್ಣು ಉರಿಯತೊಡಗಿತು.

"ಲೇ, ಅವನ ಗಂಟಲು ನೋಡೇ" ಅಂದರು.

ನೋಡಿದೆ. ಅವಳು ಕೇಳಿದ ಮೇಲೆ, ಅವನು ಸದ್ದು ಮಾಡುವ ಮುಂಚೆ, ಕುತ್ತಿಗೆಯ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಇಷ್ಟು ದಿನ ಅವನ ಹುಬ್ಬು, ಕತ್ತಿ, ನಡಿಗೆ ನೋಡುತ್ತಾ ಇದ್ದ ನಮಗೆ ಯಾರಿಗೂ ಅದು ಕಂಡಿರಲಿಲ್ಲ.

"ಎಂಜಲು ನುಂಗೋಕೆ ನೋಡ್ತಿದ್ದಾನೆ. ಬಾಯಿ ಒಣಗಿಹೋಗಿದೆ ಅವನಿಗೆ, ನುಂಗೋಕೆ ಎಂಜಲೂ ಇಲ್ಲ. ನಂಗೊತ್ತು."

ನನಗೆ ಡಾಕ್ಟರಮ್ಮನ ಕೋಣೆ ಕಣ್ಣಿಗೆ ಬಂತು. ಗಂಟಲು ಸರಿಮಾಡಿಕೊಂಡರು ಅಂದುಕೊಂಡಿದ್ದೆನಲ್ಲ, ಥೂ ನನ್ನ ಬುದ್ಧಿಗೆ! ಅವತ್ತು ಇವರೂ ಹೀಗೇ ನುಂಗಿದ್ದು.

"ಹೆದರ್ಕೊಂಡೋನು ಹೀರೋ ಹೆಂಗಾಗ್ತಾನೆ ಸಾರ್?" ವಿತರಕ ಮೆಲ್ಲಗೆ ಕೇಳಿದ. ಜೋರು ಮಾಡುವ ಉತ್ಸಾಹ ಅವನಲ್ಲಿ ಉಳಿದಿರಲಿಲ್ಲ.

"ಹೆದರಿಕೇನೇ ಇಲ್ದಿದ್ರೆ ಸೇತುವೆಗೆ ಹೋಗೋದು ಅವನಿಗೆ ವಾಕಿಂಗ್ ಅಷ್ಟೇ ಅಲ್ವೇನಪ್ಪಾ? ಅದನ್ನ ನೋಡೋಕೆ ಜನ ಯಾಕೆ ಬರ್ಬೇಕು?" ಅಂದರು ನಮ್ಮವರು. ಆಮೇಲೆ ಎದ್ದು ಮೈಕಿನ ಹತ್ತಿರ ಬಂದರು. "ಹಾಕಮ್ಮ, ಸದ್ದು ಇರ್ಲಿ ಈಗ."

ನಮ್ಮ ಮಾತಿನಲ್ಲಿ ಹೂಂ ಅನ್ನುವುದು ಒಂದೇ ಎಲ್ಲಿದೆ? ಕಥೆ ಕೇಳುವವನ ಹೂಂ ಬೇರೆ, ಸಾಕು ಬಿಡು ಮಾರಾಯ್ತಿ ಅನ್ನುವ ಹೂಂ ಬೇರೆ, ಹೂಂ ನೋಡ್ಕೋತೀನಿ ಅನ್ನುವ ಹೂಂ ಬೇರೆ. ಇವರ ಎಲ್ಲ ಹೂಂಗಳೂ ನನಗೆ ಗೊತ್ತು ಅಂದುಕೊಂಡಿದ್ದೆ. ಅವತ್ತಿನದು ಹೊಸದು. ಮೊದಲು ಒಂದು ಉಸಿರು ಒಳಗೆ ಹೋಯಿತು. ಆಮೇಲೆ ಆ ಒಡೆದ ಗಂಟಲಿನ ತಳದಿಂದ, ಜೋರಿಲ್ಲದೆ, ಅವಸರವಿಲ್ಲದೆ, "ಹೂಂ." ಹೆದರಿಕೆ ಆಗುತ್ತೆ ತಾಯಿ ಅನ್ನುವುದು ಅದರಲ್ಲಿ ನೇರವಾಗಿಯೇ ಇತ್ತು. ಕತ್ತಿಯವನು ಎದ್ದು ಬೆನ್ನು ತಿರುಗಿಸಿದ. ಬೆನ್ಮಾತಿನ ಜಾಗದಲ್ಲಿ ನಮ್ಮವರು ಏನೂ ಹೇಳಲಿಲ್ಲ. ಅವನು ಸೇತುವೆ ಕಡೆ ನಡೆದುಕೊಂಡು ಹೋದ. ನನಗಂತೂ, ಕತ್ತಿ ಹಿರಿಯದೆ ಹೋಗುತ್ತಿರುವ ಆ ಬೆನ್ನು ನೋಡಿ ಮೈ ಜುಮ್ಮೆಂದಿತು.

"ಇನ್ನೊಂದ್ಸಲ ಹಾಕಿ" ಅಂದ ವಿತರಕ. ನೋಡಿದ. ಸೋಫಾಗೆ ಹೋಗಿ ಕೂತ. "ಮೇಷ್ಟ್ರೇ, ಬೆನ್ಮಾತು ಎಲ್ಲಾ ತೆಗೆದುಬಿಡಿ. ಟ್ರೈಲರ್‌ಗೆ ಮಾತ್ರ ಒಂದು ಇರ್ಲಿ, ನನ್ನ ಹೊಟ್ಟೆಪಾಡು. ಅದನ್ನ ಬೇರೆ ಯಾರ ಕೈಲಾದ್ರೂ ಹೇಳಿಸೋಣ." ಮೇಷ್ಟ್ರು ಮುಖ ಊದಿಸಿಕೊಂಡು ಹಾಳೆಯಲ್ಲಿ ಗೆರೆ ಎಳೆಯುತ್ತಾ ಕೂತರು.

ಮನೆಗೆ ಬಂದೆವು. ಇವರು ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸಿ ಇಡುತ್ತಿದ್ದೆ. ತಡೆದುಕೊಳ್ಳಬೇಕು ಅಂದುಕೊಂಡಿದ್ದೆ. ನನ್ನ ಕೈಲಿ ಆಗುವ ಕೆಲಸವಾ ಅದು?

"ಅಲ್ಲಾ ರೀ, ಆ ಕತ್ತಿಯವನಿಗೆ ಹೆದರಿಕೆ ಆಗಬಹುದು, ನಿಮಗೆ ಆಗಬಾರದಾ? ಸಾಯೋಕೆ ಹೆದರಲ್ಲ, ಸಾಯೋಕೆ ಹೆದರಲ್ಲ ಅಂತ ಊರಿಗೆಲ್ಲ ಡಂಗುರ! ದನಿ ಹೋದ್ರೆ ಯಾರೂ ಗುಡುಗು ಅನ್ನಲ್ಲ ಅಂತ ಹೆದರಿಕೆ ನಿಮಗೆ. ಅದನ್ನ ಬಾಯ್ಬಿಟ್ಟು ಹೇಳೋಕೂ ಹೆದರಿಕೆ. ನನ್ನ ಮುಂದಾದ್ರೂ ಹೇಳ್ಬಾರ್ದಾ? ನಾನೇನು ಹೊರಗಿನವಳಾ ನಿಮಗೆ?"

ಅವರು ಒಂದೇ ತಟ್ಟೆಯನ್ನು ಉಜ್ಜುತ್ತಲೇ ಇದ್ದರು. ಮೆಲ್ಲಗೆ ಮಾತಾಡಿದರು, ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕಾಯಿತು.

"ಗುಡುಗು ಗಿಡುಗು ಹಾಳಾಗ್ಲಿ ಬಿಡೇ. ನೀನು ಜಗಳಕ್ಕೆ ಬರ್ತೀಯ. ನಾನು ಉತ್ತರ ಕೊಡಲ್ಲ. ಒಂದಿನ ಬರ್ತೀಯ, ಎರಡು ದಿನ ಬರ್ತೀಯ. ಆಮೇಲೆ ಪಾಪ ಅಂತ ಬಿಟ್ಟುಬಿಡ್ತೀಯ. ನೀನೂ ಸುಮ್ನಾಗ್ತೀಯ, ಮನೇನೂ ಸುಮ್ನಾಗುತ್ತೆ. ಆ ಮನೇಲಿ ನಾನು ಹೆಂಗೇ ಇರ್ಲಿ?"

ನಾನು ಒರೆಸುವ ಬಟ್ಟೆ ಕೆಳಗೆ ಹಾಕಿದೆ. ಇಷ್ಟು ದಿನ ಈ ಮನುಷ್ಯ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಇದನ್ನಾ? ಕೋಪ, ಅಳು, ನಗು ಮೂರೂ ಒಟ್ಟಿಗೆ ನುಗ್ಗಿ ಬಂದವು.

"ನಾನಾ? ಸುಮ್ನಾಗೋದಾ? ಯಾರ ಹತ್ರ ಹೇಳ್ತಿದ್ದೀರಿ ಈ ಮಾತು? ನಿಮ್ಮ ಪಾಲಿಂದೂ ನಾನೇ ಆಡ್ತೀನಿ ರೀ. ನೀವು ಕಣ್ಣು ಬಿಡಿ ಸಾಕು, ನಿಮ್ಮ ಬೈಗುಳಾನೂ ನಾನೇ ಡಬ್ಬಿಂಗ್ ಮಾಡ್ತೀನಿ. ಪಾಪ ಅಂತೆ, ಪಾಪ! ಸತ್ರೂ ಅನ್ನಲ್ಲ ನಿಮಗೆ ಪಾಪ ಅಂತ."

ಅವರು ನಗಲು ಹೋಗಿ ಕೆಮ್ಮಿದರು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಡಾಕ್ಟರಮ್ಮನಿಗೆ ಫೋನ್ ಮಾಡಿ, ಯಾವಾಗ ಬರಲಿ ಅಂತ ತಾವೇ ಕೇಳುತ್ತಿದ್ದರು.

ಆಪರೇಷನ್ ದಿನ ಆಸ್ಪತ್ರೆಯ ಪಡಸಾಲೆ ತುಂಬಾ ಜನ. ಭಾವ ಅಂಗಡಿ ಮುಚ್ಚಿ ಬಂದಿದ್ದರು. ಸೌಂಡ್ ಹುಡುಗಿ ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು. ಪಂಚ್ ಮೇಷ್ಟ್ರು ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕಿವಿಯಲ್ಲಿ, "ಅಮ್ಮ, ಒಂದೇ ಸಾಲು ಬರ್ಕೊಂಡು ಬಂದಿದ್ದೀನಿ. ಕೊನೇ ಮಾತು ಅಂತ ನಾಳೆ ಎಲ್ಲರೂ ಕೇಳ್ತಾರಲ್ಲ" ಅಂದರು. ನಾನು ನೋಡಿದ ನೋಟಕ್ಕೆ ಚೀಟಿ ಹಾಗೇ ಜೇಬಿಗೆ ಹೋಯಿತು. ವಿತರಕ ಮಾತ್ರ ಫೋನು ಎತ್ತಿ ಹಿಡಿದು ತಯಾರಾಗಿಯೇ ನಿಂತಿದ್ದ.

ಟ್ರಾಲಿ ಬಂತು. ಹಸಿರು ಹೊದಿಕೆಯ ಕೆಳಗೆ ನಮ್ಮವರು ಎಷ್ಟು ಚಿಕ್ಕದಾಗಿ ಕಾಣುತ್ತಿದ್ದರು! ತಳ್ಳುವವನು ಜನ ದಾರಿ ಬಿಡಲೆಂದು ಒಂದು ಗಳಿಗೆ ನಿಂತ. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಭಾವ ಬಗ್ಗಿ ಅವರ ಭುಜ ತಟ್ಟಿ, ಎಲ್ಲರಿಗೂ ಕೇಳುವಂತೆ, "ಹೇಳೋ ಒಂದು ಮಾತು, ಗುಡುಗು!" ಅಂದರು.

ಇವರು ಅಣ್ಣನ ಕಡೆ ತಿರುಗಲಿಲ್ಲ, ಫೋನಿನ ಕಡೆಯೂ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ, ಆ ಒಡಕು ದನಿಯಲ್ಲಿ, ಪಡಸಾಲೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ತುಂಬಾ ಭಯ ಆಗ್ತಿದೆ ಕಣೇ."

ಆಮೇಲೆ ತಳ್ಳುವವನ ಕೈ ಮುಟ್ಟಿ, "ನಡಿಯಪ್ಪ, ಹೋಗೋಣ" ಅಂದರು.

ಟ್ರಾಲಿ ಹೊರಟಿತು. ವಿತರಕ ಫೋನು ಕೆಳಗಿಳಿಸಿದ. ಭಾವನ ಮುಖ ಕಪ್ಪಿಟ್ಟಿತು. "ಛೆ, ಛೆ, ಇವನೇ ಹಿಂಗೆ ಹೆದರ್ಕೊಂಡ್ರೆ ಹೆಂಗೆ?" ಅಂತ ನನ್ನ ಹತ್ತಿರ ಬಂದರು.

ನನ್ನ ಕಣ್ಣೀರು ಗಲ್ಲಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೈಯೆತ್ತಿ, ಪಡಸಾಲೆಯ ಕೊನೆಯಲ್ಲಿ ಬಾಗಿಲು ದಾಟುತ್ತಿದ್ದ ಟ್ರಾಲಿಯನ್ನು ತೋರಿಸಿದೆ.

"ಹೋಗ್ತಿದ್ದಾರಲ್ಲ ಭಾವ, ಕಾಣಿಸಲ್ವಾ ನಿಮಗೆ?"